ಗಿರಣಿ ಗೋಡೆಯ ಗೆರೆ

ಕಸಾನ್ಯಾಕ್, 15 ಮಾರ್ಚ್ 1987

ಲಿಯೋನ್ಸ್,

ಫೋನು ಮಾಡಬಹುದಿತ್ತು. ಆದರೆ ನಾನು ದನಿ ಏರಿಸಿದ ಕೂಡಲೇ ನೀನು ಲೈನು ಸರಿಯಿಲ್ಲ ಅಂತ ಇಟ್ಟುಬಿಡುತ್ತೀ. ಕಾಗದವನ್ನು ಹಾಗೆ ಅರ್ಧಕ್ಕೆ ಇಡಲು ಬರುವುದಿಲ್ಲ. ಕೊನೆಯವರೆಗೂ ಓದು.

ನದಿಯ ಪಕ್ಕದ ಹುಲ್ಲುಗಾವಲು ನೆನಪಿದೆಯಲ್ಲ, ಅಪ್ಪ ನಮ್ಮ ಎರಡು ಹಸು ಮೇಯಿಸುತ್ತಿದ್ದ ಜಾಗ. ಈ ಬೇಸಿಗೆಯಿಂದ ಅಲ್ಲಿ ಪ್ರವಾಸಿಗರಿಗೆ ಗುಡಾರ ಹಾಕಲು ಬಿಡುತ್ತಾರಂತೆ. ನಲವತ್ತು ಗುಡಾರಕ್ಕೆ ಜಾಗ, ಸ್ನಾನದ ಮನೆ, ಮಕ್ಕಳಿಗೆ ಜಾರುಬಂಡಿ. ಎಲ್ಲ ನಮ್ಮ ಮೇಯರ್ ನೊರ್ಬೇರ್ ದೆಲ್ಮಾನ ತಲೆಯಿಂದ ಹೊರಟದ್ದು. ಜನ ಬರುತ್ತಾರೆ, ಕೋಟೆಯ ಗೋಪುರ ನೋಡುತ್ತಾರೆ, ಮೂರು ಕಮಾನಿನ ಸೇತುವೆ ನೋಡುತ್ತಾರೆ, ಒಂದು ಲೋಟ ವೈನೂ ಕುಡಿಯದೆ ಕಾರು ಹತ್ತುತ್ತಾರೆ, ಅವರನ್ನು ಇಲ್ಲೇ ಉಳಿಸಿಕೊಳ್ಳಬೇಕು ಎನ್ನುವುದು ಅವನ ವಾದ. ಉಳಿಸಿಕೊಳ್ಳಲಿ, ಬೇಡವೆಂದವರು ಯಾರು. ಆದರೆ ಆ ಹುಲ್ಲುಗಾವಲಿನಲ್ಲಿ ಬೇಡ.

ಶುಕ್ರವಾರ ಊರ ಸಭೆಯಲ್ಲಿ ಎದ್ದು ನಿಂತು ಹೇಳಿದೆ. ಒಜಾನ್ ನದಿ ಹನ್ನೊಂದು ತಿಂಗಳು ಮೊಣಕಾಲುದ್ದ ಹರಿಯುತ್ತದೆ, ಆಮೇಲೆ ಒಂದು ದಿನ ಹುಚ್ಚು ಹಿಡಿಯುತ್ತದೆ. 1843ರಲ್ಲಿ ಊರೆಲ್ಲ ಹಳೇ ಚರ್ಚಿನ ಹೊಸ್ತಿಲಲ್ಲಿ ನಿಂತಿತ್ತು, ಹುಲ್ಲುಗಾವಲಿನ ಮೇಲೆ ಹಸುಗಳು ತೇಲಿ ಹೋಗುವುದನ್ನು ನೋಡುತ್ತಿತ್ತು ಎಂದು ಅಜ್ಜಿ ಹೇಳುತ್ತಿದ್ದಳಲ್ಲ, ಅದನ್ನೂ ಹೇಳಿದೆ. ದೆಲ್ಮಾ ನಕ್ಕ.

"ಮೇಡಂ, ಅಜ್ಜಿ ಕತೆ ಬೇಡ. ಬನ್ನಿ, ಕಲ್ಲನ್ನೇ ಕೇಳೋಣ" ಅಂದ.

ಎಲ್ಲರೂ ಗಿರಣಿಗೆ ಹೋದೆವು. ಗೋಡೆಯಲ್ಲಿರುವ ಆ ಉದ್ದನೆಯ ಕಲ್ಲು, ಅದರ ಮೇಲೆ ಕೆತ್ತಿದ ಗೆರೆ, ಗೆರೆಯ ಕೆಳಗೆ "6 ಜೂನ್ 1843, ನೀರು ಇಲ್ಲಿಯವರೆಗೆ" ಎಂಬ ಅಕ್ಷರ. ಸರ್ವೆಯರ್ ತನ್ನ ಮೂರು ಕಾಲಿನ ಯಂತ್ರ ಇಟ್ಟು ನೋಡಿದ. ಹುಲ್ಲುಗಾವಲಿನ ಅತಿ ತಗ್ಗಿನ ಮೂಲೆ ಕೂಡ ಗೆರೆಗಿಂತ ಅರ್ಧ ಮೀಟರ್ ಮೇಲಿದೆ. ಜನ ನಕ್ಕರು. ಆಮೇಲೆ ಸರ್ವೆಯರ್ ತನ್ನ ಕಡತ ತೆಗೆದು ಓದಿದ: ನಿವೃತ್ತ ಶಿಕ್ಷಕಿ ಅರ್ಮಾಂದ್ ವೈಸಿಯೇರ್ ಅವರು ಪ್ರತಿ ಭಾನುವಾರ ಪ್ರವಾಸಿಗರಿಗೆ ವಿವರಿಸುವಂತೆ, ನದಿ ಎಂದೂ ಈ ಗೆರೆಯನ್ನು ದಾಟಿಲ್ಲ.

ನನ್ನ ಬಾಯಿಂದಲೇ ನನ್ನ ಬಾಯಿ ಮುಚ್ಚಿಸಿದರು. ಹನ್ನೊಂದು ವರ್ಷದಿಂದ ಭಾನುವಾರ ಜನರನ್ನು ಕರೆದುಕೊಂಡು ಗೋಪುರ, ಸೇತುವೆ, ಚರ್ಚು, ಗಿರಣಿ ಎಂದು ತಿರುಗಿಸುತ್ತಿದ್ದೇನೆ. ಅದಕ್ಕೂ ಮುಂಚೆ ವರ್ಷಗಟ್ಟಲೆ ಶಾಲೆಯ ಮಕ್ಕಳನ್ನು. ಪ್ರತಿಸಲವೂ ಕೋಲಿನಿಂದ ಆ ಗೆರೆ ಮುಟ್ಟಿ ತೋರಿಸಿದ್ದೇನೆ. ಸಿಟ್ಟಿಗೆ ಅಂದಿನಿಂದ ಊಟ ಸೇರುತ್ತಿಲ್ಲ.

1958ರಲ್ಲಿ ಆ ಗೋಡೆಯನ್ನು ಬಿಚ್ಚಿ ಮತ್ತೆ ಕಟ್ಟಿದವನು ನೀನು. ಅಲ್ಲಿ ಬೇರೆ ಯಾವುದಾದರೂ ಗುರುತು ಇತ್ತೇ? ಅಪ್ಪ ತೆಗೆದ ಊರಿನ ಫೋಟೋಗಳೂ ನಿನ್ನ ಹತ್ತಿರವೇ ಇವೆ. ಹುಡುಕಿ ಬೇಗ ಬರೆ. ಜೂನ್‌ನಲ್ಲಿ ಗುಡಾರ ಏಳುತ್ತದೆ.

ಅರ್ಮಾಂದ್

---

ಡಿಯೆಪ್, 29 ಮಾರ್ಚ್ 1987

ಪ್ರೀತಿಯ ಅಕ್ಕ,

ನಿನ್ನ ಕಾಗದ ಬಂತು. ಇಲ್ಲಿ ಎರಡು ವಾರದಿಂದ ಸಮುದ್ರದ ಗಾಳಿ, ನನ್ನ ಎಡಮಂಡಿಗೆ ಅದು ಆಗುವುದಿಲ್ಲ. ಯೆವೆಟ್ ಎಲೆಕೋಸಿನ ಎಲೆ ಕಟ್ಟುತ್ತಾಳೆ, ಏನೂ ಪ್ರಯೋಜನವಿಲ್ಲ, ಆದರೆ ಹೆಂಡತಿಗೆ ಬೇಡ ಎನ್ನಲಾಗುತ್ತದೆಯೇ, ಮುಖ ಊದಿಸಿಕೊಳ್ಳುತ್ತಾಳೆ. ಬಂಗುಡೆ ಇನ್ನೂ ಬಂದಿಲ್ಲ. ಬಂದರಿನ ಕಟ್ಟೆಯ ಮೇಲೆ ನಾವು ನಾಲ್ಕು ಮುದುಕರು ಗಾಳ ಹಾಕಿಕೊಂಡು ಕೂತಿರುತ್ತೇವೆ, ಮೀನಿಗಿಂತ ಹೆಚ್ಚು ಸುಳ್ಳು ಹಿಡಿಯುತ್ತೇವೆ.

ಫೋಟೋ ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿರಬೇಕು. ಈ ಮಂಡಿಯಲ್ಲಿ ಏಣಿ ಹತ್ತುವುದು ಕಷ್ಟ. ಮಗಳು ಬಂದಾಗ ನೋಡಿಸುತ್ತೇನೆ.

ಗೋಡೆಯ ವಿಷಯ. ಮೂವತ್ತು ವರ್ಷದ ಹಿಂದಿನ ಮಾತು ಅಕ್ಕ. ನಾನು ಎಷ್ಟು ಗೋಡೆ ಕಟ್ಟಿಲ್ಲ. ಒಂದು ಮಾತು ಹೇಳಲೇ, ಬೇಜಾರು ಮಾಡಿಕೊಳ್ಳಬೇಡ. ದೆಲ್ಮಾ ಕೆಟ್ಟವನಲ್ಲ. ಊರಿಗೆ ನಾಲ್ಕು ಜನ ಬಂದರೆ ಬೇಕರಿ ಉಳಿಯುತ್ತದೆ. ನಿನಗೆ ಅರವತ್ತೊಂಬತ್ತಾಯಿತು. ಹೇಳುವುದನ್ನು ಹೇಳಿದ್ದೀಯ, ಇನ್ನು ಬಿಟ್ಟುಬಿಡು.

ಹಳೇ ಚರ್ಚಿನ ಬಾಗಿಲು ಈಗಲೂ ಎತ್ತಿ ನೂಕಿದರೆ ಮಾತ್ರ ತೆಗೆಯುತ್ತದೆಯೇ?

ನಿನ್ನ ತಮ್ಮ,
ಲಿಯೋನ್ಸ್

---

ಕಸಾನ್ಯಾಕ್, 9 ಏಪ್ರಿಲ್ 1987

ಲಿಯೋನ್ಸ್,

ಎರಡು ಪುಟ ಬಂಗುಡೆ, ಮಂಡಿ, ಎಲೆಕೋಸು. ಕಲ್ಲಿನ ಬಗ್ಗೆ ಒಂದು ಸಾಲೂ ಇಲ್ಲ. ನನ್ನ ವಯಸ್ಸನ್ನು ಮಾತ್ರ ಸರಿಯಾಗಿ ನೆನಪಿಟ್ಟಿದ್ದೀಯ.

ಚರ್ಚಿನ ಬಾಗಿಲು ಈಗಲೂ ಎತ್ತಿ ನೂಕಬೇಕು. ಎತ್ತಿ ನೂಕಿಯೇ ಒಳಗೆ ಹೋದೆ. ಬೀರುವಿನಲ್ಲಿ ಆಗಿನ ಪಾದ್ರಿಯ ದಪ್ಪ ಪುಸ್ತಕವಿದೆ, ಮದುವೆ, ಸಾವು, ಜ್ಞಾನಸ್ನಾನ ಬರೆಯುವಂಥದ್ದು. 1843ರ ಜೂನ್ ಪುಟದ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿದ್ದಾನೆ: "ಇಂದು ನದಿ ನಮ್ಮ ಹೊಸ್ತಿಲನ್ನು ಮುಟ್ಟಿ ನಿಂತಿತು. ದೇವರು ಒಳಗೆ ಬಿಡಲಿಲ್ಲ."

ಅಜ್ಜಿ ಹೇಳಿದ್ದೂ ಹೊಸ್ತಿಲೇ. ಚರ್ಚು ಗಿರಣಿಯ ಬೆನ್ನಿಗೇ ಇದೆ, ಮೂವತ್ತು ಹೆಜ್ಜೆ. ನೀನೇ ಕಲಿಸಿದ ಹಾಗೆ ಮಾಡಿದೆ. ನೆರೆಮನೆಯ ಮಾತ್ಯುರಿನಳ ಮಗನ ವೈನ್ ನೆಲಮಾಳಿಗೆಯಿಂದ ಉದ್ದದ ಪಾರದರ್ಶಕ ಪೈಪು ತಂದು, ಒಳಗೆ ನೀರು ತುಂಬಿ, ಒಂದು ತುದಿಯನ್ನು ಹೊಸ್ತಿಲಿಗೆ ಹಿಡಿಯಲು ಮಾತ್ಯುರಿನಳನ್ನು ನಿಲ್ಲಿಸಿದೆ. ಅವಳಿಗೆ ಎಂಬತ್ತೆರಡು. ಪೈಪು ಹಿಡಿದುಕೊಂಡು ಅರ್ಧ ಗಂಟೆ ಬೈದಳು, ಆದರೆ ಅಲುಗಾಡಲಿಲ್ಲ. ಇನ್ನೊಂದು ತುದಿಯನ್ನು ನಾನು ಗಿರಣಿ ಗೋಡೆಗೆ ಹಿಡಿದೆ. ನೀರಿನ ಮಟ್ಟ ಎಲ್ಲಿ ನಿಂತಿತು ಗೊತ್ತೇ? ನನ್ನ ತಲೆಗಿಂತ ಎಷ್ಟೋ ಮೇಲೆ. ಕುರ್ಚಿ ಹಾಕಿಕೊಂಡು ಗುರುತು ಮಾಡಿದೆ. ಗೆರೆಗೂ ಅದಕ್ಕೂ ಒಂದು ಮೀಟರ್ ಅರವತ್ತೆಂಟು ಸೆಂಟಿಮೀಟರ್ ವ್ಯತ್ಯಾಸ.

ಅಷ್ಟು ನೀರು ಬಂದರೆ ಹುಲ್ಲುಗಾವಲಿನಲ್ಲಿ ಒಂದು ಮೀಟರಿಗೂ ಹೆಚ್ಚು ನಿಲ್ಲುತ್ತದೆ. ಗುಡಾರದಲ್ಲಿ ಮಲಗಿದ ಮಗುವಿಗೆ ಅಷ್ಟು ಸಾಕು.

ನೀರು ಎರಡು ಕಡೆ ಎರಡು ಎತ್ತರದಲ್ಲಿ ನಿಲ್ಲುವುದಿಲ್ಲ. ಪಾದ್ರಿ ಸುಳ್ಳು ಬರೆದಿರಬೇಕು, ಇಲ್ಲವೇ ಕಲ್ಲು ಜಾಗ ಬದಲಿಸಿರಬೇಕು. ಕಲ್ಲಿಗೆ ಕಾಲಿಲ್ಲ. ಆ ಗೋಡೆಯನ್ನು ಮುಟ್ಟಿದವನು ನೀನೊಬ್ಬನೇ.

ಏನು ಮಾಡಿದೆ ಹೇಳು. ಈ ಸಲ ಮೀನಿನ ಸುದ್ದಿ ಬರೆದರೆ ಕಾಗದ ಹರಿದು ವಾಪಸು ಕಳಿಸುತ್ತೇನೆ.

ಅರ್ಮಾಂದ್

---

ಡಿಯೆಪ್, 20 ಏಪ್ರಿಲ್ 1987

ಅಕ್ಕ,

ಸರಿ. ಕಲ್ಲು ಇದ್ದದ್ದು ಮೇಲೆ. ಬಾಗಿಲಿನ ತಲೆಗಿಂತ ಎತ್ತರದಲ್ಲಿ, ಹಿಟ್ಟಿನ ಮೂಟೆ ಎಳೆಯುವ ಕಿಟಕಿಯ ಕೆಳಗೆ.

ಗೋಡೆ ಹೊಟ್ಟೆ ಬಿಟ್ಟಿತ್ತು, ಗಿರಣಿಯ ಬ್ರುಜೇರ್ ಹೆದರಿದ್ದ. ಬಿಚ್ಚುವ ಮೊದಲು ಪ್ರತಿ ಕಲ್ಲಿಗೂ ಸೀಮೆಸುಣ್ಣದಲ್ಲಿ ಸಂಖ್ಯೆ ಬರೆದಿದ್ದೆ, ಯಾವುದು ಎಲ್ಲಿಗೆ ಎಂದು. ಎಲ್ಲವನ್ನೂ ಹುಲ್ಲಿನ ಮೇಲೆ ಸಾಲಾಗಿ ಹರಡಿದ್ದೆ. ಮಳೆ ಬಂತು, ಸಂಖ್ಯೆಗಳೆಲ್ಲ ತೊಳೆದುಹೋದವು. ಮತ್ತೆ ಕಟ್ಟುವಾಗ ಯಾವುದು ಕೂರುತ್ತದೋ ಅಲ್ಲಿ ಕೂರಿಸಿದೆ. ಅದು ಒಳ್ಳೇ ಉದ್ದದ ಕಲ್ಲು, ಕೆಳಗಿನ ಸಾಲಿಗೆ ಚೆನ್ನಾಗಿ ಕೂತಿತು. ಗೋಡೆ ಗಟ್ಟಿಯಾಯಿತು. ಆಗ ನನಗೆ ಮೂವತ್ತೆರಡು, ಗೋಡೆ ಗಟ್ಟಿಯಾದರೆ ಮುಗಿಯಿತು ಅನ್ನುವ ವಯಸ್ಸು.

ಇಷ್ಟೇ. ತಪ್ಪು ನನ್ನದು. ಬೇರೆ ಹಾಳೆಯಲ್ಲಿ ಇದನ್ನೇ ಬರೆದು ಸಹಿ ಹಾಕಿ ಇಟ್ಟಿದ್ದೇನೆ. ಸಭೆಯಲ್ಲಿ ಓದು. ಬೈದುಕೊಳ್ಳಲಿ, ನಾನೇನು ಅಲ್ಲಿಗೆ ಬರುವವನಲ್ಲ.

ಹೆಚ್ಚು ಕೆದಕಬೇಡ.

ಲಿಯೋನ್ಸ್

---

ಕಸಾನ್ಯಾಕ್, 4 ಮೇ 1987

ಲಿಯೋನ್ಸ್,

ಓದಿದೆ. ನಿಂತು ಓದಿದೆ, ಒಂದಕ್ಷರ ಬಿಡದೆ.

ಏನಾಯಿತು ಅಂತೀಯ. ಪಾದ್ರಿಯ ಪುಸ್ತಕ ತೋರಿಸಿದೆ, ಅದು ಭಕ್ತಿಯ ಮಾತು, ಅಳತೆಯಲ್ಲ ಎಂದರು. ಪೈಪಿನ ಲೆಕ್ಕ ಹೇಳಿದೆ, ಸರ್ವೆಯರ್ ಕೆಮ್ಮಿದ. ನಿನ್ನ ಹಾಳೆ ಓದಿದೆ, ಹಿಂದಿನ ಬೆಂಚಿನಿಂದ ಯಾರೋ ಕೇಳಿದರು: "ಆ ಲಿಯೋನ್ಸ್ ತಾನೇ? ಮಧ್ಯಾಹ್ನದ ಮೇಲೆ ತೂಗುಗುಂಡೇ ಎರಡೆರಡು ಕಾಣ್ತಿತ್ತಲ್ಲ ಅವನಿಗೆ." ಸಭೆಗೆ ಸಭೆಯೇ ನಕ್ಕಿತು. ಊರು ಬಿಟ್ಟುಹೋದ ಮೇಸ್ತ್ರಿ ಮೂವತ್ತು ವರ್ಷದ ಮೇಲೆ ಅಕ್ಕನಿಗಾಗಿ ಬರೆದುಕೊಟ್ಟ ಕಾಗದಕ್ಕೆ ಬೆಲೆ ಇಲ್ಲ ಎಂದು ದೆಲ್ಮಾ ಬಹಳ ಮರ್ಯಾದೆಯಿಂದ ವಿವರಿಸಿದ. ಕೌನ್ಸಿಲ್ ಸದಸ್ಯರಲ್ಲಿ ಏಳು ಕೈ ಗುಡಾರದ ಪರವಾಗಿ, ನಾಲ್ಕು ವಿರುದ್ಧ. ಜೂನ್ 13ಕ್ಕೆ ತೆರೆಯುತ್ತಾರೆ.

ನಾನೇನು ಹೇಳಿದೆ ಎಂದು ಬೇರೆಯವರ ಬಾಯಿಂದ ನಿನಗೆ ತಲುಪುವ ಮೊದಲು ನಾನೇ ಬರೆಯುತ್ತೇನೆ. ಈ ಗೋಡೆ ಕಟ್ಟಿದವನು ನನ್ನ ತಮ್ಮ ಎನ್ನಲು ನನಗೆ ನಾಚಿಕೆಯಾಗುತ್ತದೆ ಎಂದೆ. ಒಂದು ಊರಿನ ನೆನಪನ್ನೇ ಸೋಮಾರಿತನದಿಂದ ಹಾಳುಮಾಡಿದ ಎಂದೆ. ಮೂವತ್ತು ವರ್ಷ ನನ್ನ ಕೈಯಲ್ಲಿ ಮಕ್ಕಳಿಗೂ ಪ್ರವಾಸಿಗರಿಗೂ ಸುಳ್ಳು ಹೇಳಿಸಿದ ಎಂದೆ. ಅದನ್ನೆಲ್ಲ ಇಲ್ಲೂ ಹೇಳುತ್ತಿದ್ದೇನೆ, ಬೆನ್ನ ಹಿಂದೆ ಆಡುವ ಬುದ್ಧಿ ನನಗಿಲ್ಲ.

ಸೀಮೆಸುಣ್ಣ ಅಳಿಸಿಹೋಯಿತಂತೆ. ಅಕ್ಷರ ಕೆತ್ತಿದ ಕಲ್ಲು ಊರಿಗೆ ಇದ್ದದ್ದು ಒಂದೇ ಒಂದು. ಅದರ ಜಾಗ ನೆನಪಿಟ್ಟುಕೊಳ್ಳಲು ಸಂಖ್ಯೆ ಬೇಕಿತ್ತೇ ನಿನಗೆ?

ಅರ್ಮಾಂದ್

---

ಡಿಯೆಪ್, 10 ಮೇ 1987

ಅಕ್ಕ,

ಬೇಕಿರಲಿಲ್ಲ. ಸಂಖ್ಯೆ ಬೇಕಿರಲಿಲ್ಲ, ಮಳೆಯೂ ಬರಲಿಲ್ಲ. 1958ರ ಆ ಸೆಪ್ಟೆಂಬರ್‌ನಲ್ಲಿ ಒಂದು ಹನಿಯೂ ಬಿದ್ದಿರಲಿಲ್ಲ. ಬಾವಿಯ ತಳ ಕಾಣುತ್ತಿತ್ತು. ಮಳೆ ನಾನು ಕಟ್ಟಿದ ಕತೆ.

ಬರೆಯಬಾರದು ಎಂದಿದ್ದೆ. ಆದರೆ ನಾಚಿಕೆ ಎಂಬ ಮಾತನ್ನು ನೀನು ಊರ ಮುಂದೆ ಆಡಿದ್ದೀಯ. ಹಾಗಾದರೆ ಕೇಳು.

ಗೋಡೆ ಬಿಚ್ಚಿ ಕಲ್ಲುಗಳನ್ನೆಲ್ಲ ಹುಲ್ಲಿನ ಮೇಲೆ ಹರಡಿದ್ದೆ. ನೀನು ತರಗತಿಯನ್ನು ಸಾಲಾಗಿ ನಡೆಸಿಕೊಂಡು ಬಂದೆ, ಗಿರಣಿ ರಿಪೇರಿ ತೋರಿಸಲು. ಮಕ್ಕಳು ಆ ಕಲ್ಲಿನ ಸುತ್ತ ಕೂತು ಅಕ್ಷರವನ್ನು ಬೆರಳಿನಿಂದ ತೀಡಿದರು. ಅಲ್ಲಿಯವರೆಗೆ ಒಬ್ಬರಿಗೂ ಅದನ್ನು ಓದಲು ಆಗಿರಲಿಲ್ಲ, ಅಷ್ಟು ಎತ್ತರದಲ್ಲಿತ್ತು. ನಿನಗೆ ಬಹಳ ಸಂತೋಷವಾಯಿತು. ನೀನು ನನ್ನನ್ನು ಪಕ್ಕಕ್ಕೆ ಕರೆದೆ. "ಲಿಯೋನ್ಸ್, ಹೇಗೂ ಬಿಚ್ಚಿದ್ದೀಯ. ಇದನ್ನ ಮಕ್ಕಳ ಕಣ್ಣಿಗೆ ಸಿಗೋ ಹಾಗೆ ಕೆಳಗಿಡು" ಅಂದೆ.

ನಾನು ಹೇಳಿದೆ: "ಗೆರೆ ಸುಳ್ಳಾಗುತ್ತಲ್ಲ ಅಕ್ಕ."

"ಎತ್ತರ ನಾನು ಬಾಯಲ್ಲಿ ಹೇಳ್ತೀನಿ. ಓದೋಕೆ ಆಗದ ಕಲ್ಲಿಟ್ಟುಕೊಂಡು ಏನು ಮಾಡೋದು" ಅಂದೆ.

ನೀನು ಟೀಚರು, ನಾನು ಗಾರೆ ಕಲಸುವವನು. ಇಟ್ಟೆ.

ಮಾರ್ಚ್ ತಿಂಗಳ ನಿನ್ನ ಕಾಗದ ಓದಿದಾಗಲೇ ಗೊತ್ತಾಯಿತು, ನಿನಗೆ ಇದು ಪೂರ್ತಿ ಮರೆತಿದೆ ಎಂದು. ನಾಟಕವಾಡುವವಳಲ್ಲ ನೀನು. ಈ ವಯಸ್ಸಿನಲ್ಲಿ ಇದನ್ನು ನಿನ್ನ ಮೇಲೆ ಹೊರಿಸುವುದು ಬೇಡ ಎಂದು ಮೀನಿನ ಸುದ್ದಿ ಬರೆದೆ. ಆಮೇಲೆ ಮಳೆ ತಂದೆ. ನನ್ನನ್ನು ಕುಡುಕ ಎಂದು ಅವರು ನಕ್ಕದ್ದು ನನಗೆ ಹೊಸದಲ್ಲ. ನೀನು ನಕ್ಕವರ ಪಕ್ಕ ನಿಂತೆಯಲ್ಲ, ಅದು ಹೊಸದು.

ಈಗ ಮಾಡಬೇಕಾದದ್ದು ಒಂದೇ. ನನ್ನ ಮಾತಿಗೆ ಬೆಲೆಯಿಲ್ಲ, ನಿನ್ನ ಮಾತಿಗೆ ಇದೆ. ಕಡತದಲ್ಲಿರುವುದೇ ನಿನ್ನ ಹೆಸರು. ಕಲ್ಲನ್ನು ಕೆಳಗಿಳಿಸಿದವಳು ನಾನೇ ಎಂದು ನೀನು ಒಂದು ಸಾಲು ಬರೆದುಕೊಟ್ಟರೆ ಆ ಕಡತ ಬಿದ್ದುಹೋಗುತ್ತದೆ. ಇನ್ನೂ ಒಂದು ತಿಂಗಳಿದೆ.

ಲಿಯೋನ್ಸ್

---

ಕಸಾನ್ಯಾಕ್, 21 ಜೂನ್ 1987

ಪ್ರೀತಿಯ ಲಿಯೋನ್ಸ್,

ಬರೆಯುವುದು ತಡವಾಯಿತು. ಚೆರಿ ಹಣ್ಣಿನ ಕೆಲಸ, ಗೊತ್ತಲ್ಲ. ಹನ್ನೆರಡು ಜಾಡಿ ಜಾಮ್ ಮಾಡಿದೆ. ಮಾತ್ಯುರಿನಳಿಗೆ ನಾಲ್ಕು ಕೊಟ್ಟೆ, ಸಕ್ಕರೆ ಕಮ್ಮಿ ಅಂದಳು.

ಸೇತುವೆಯ ಎರಡನೇ ಕಮಾನಿನ ಕೆಳಗೆ ಮಿಂಚುಳ್ಳಿ ಗೂಡು ಮಾಡಿದೆ. ಭಾನುವಾರ ಬಂದವರಿಗೆಲ್ಲ ತೋರಿಸುತ್ತೇನೆ. ಒಬ್ಬ ಜರ್ಮನ್ ಮುದುಕ ದುರ್ಬೀನು ಹಿಡಿದು ಒಂದು ಗಂಟೆ ಕದಲಲಿಲ್ಲ, ಹೆಂಡತಿ ಕಾರಿನಲ್ಲಿ ಕೂತು ಹಾರನ್ ಹೊಡೆಯುತ್ತಿದ್ದಳು. ಕೋಟೆ ಗೋಪುರದ ಮೆಟ್ಟಿಲಿಗೆ ಹೊಸ ಹಗ್ಗ ಕಟ್ಟಿಸಿದ್ದಾರೆ. ನದಿ ಬಹಳ ಇಳಿದಿದೆ, ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ದಾಟಬಹುದು.

ನಡಿಗೆಯ ದಾರಿಯನ್ನು ಸ್ವಲ್ಪ ಬದಲಿಸಿದ್ದೇನೆ. ಗಿರಣಿಯ ಕಡೆ ಈಗ ಹೋಗುವುದಿಲ್ಲ, ಅಲ್ಲಿ ತುರಿಕೆ ಗಿಡ ಬಹಳ ಬೆಳೆದಿದೆ.

ಹುಲ್ಲುಗಾವಲಿನಲ್ಲಿ ಹತ್ತೊಂಬತ್ತು ಗುಡಾರ ಬಂದಿವೆ. ಬಣ್ಣಬಣ್ಣದವು. ಬೇಕರಿಯವನು ಬೆಳಿಗ್ಗೆ ಎರಡು ಸಲ ಬ್ರೆಡ್ ಸುಡುತ್ತಿದ್ದಾನೆ.

ನಿನ್ನ ಮಂಡಿ ಹೇಗಿದೆ?

ಅರ್ಮಾಂದ್

---

ಡಿಯೆಪ್, 27 ಜೂನ್ 1987

ಅಕ್ಕ,

ಮಿಂಚುಳ್ಳಿಯ ಸಂಸಾರ ಕಟ್ಟಿಕೊಂಡು ನನಗೇನಾಗಬೇಕು. ಆರು ವಾರ ಕಾದೆ. ಮೀನಿನ ಸುದ್ದಿ ಬರೆದರೆ ಹರಿದು ಕಳಿಸುತ್ತೇನೆ ಎಂದವಳು ನೀನು. ಇಗೋ ನಿನ್ನ ಚೆರಿ ಜಾಮ್ ಕಾಗದ, ನಾಲ್ಕು ತುಂಡಾಗಿ ಇದರ ಜೊತೆಗಿದೆ.

ನಾನು ಸುಮ್ಮನಿದ್ದೆ ಎಂದುಕೊಳ್ಳಬೇಡ. ಜಿಲ್ಲಾ ಕಚೇರಿಗೆ ಬರೆದೆ. ಒಬ್ಬ ಮೇಸ್ತ್ರಿಯ ನೆನಪು ದಾಖಲೆಯಲ್ಲ ಎಂದು ಉತ್ತರ ಬಂತು. ದಾಖಲೆ ಎಂದರೆ ಶಿಕ್ಷಕಿಯ ಹೇಳಿಕೆಯಂತೆ.

ಹತ್ತೊಂಬತ್ತು ಗುಡಾರ ಎಂದು ಎಣಿಸಲು ಬರುತ್ತದೆ ನಿನಗೆ. ಅದರಲ್ಲಿ ಮಲಗುವವರನ್ನು ಎಣಿಸಿದೆಯಾ? ನಾನು ತಪ್ಪು ಮಾಡಿದೆ ಎಂಬ ಒಂದು ಮಾತಿಗೆ ಇಷ್ಟು ಭಯವೇ? ಮೂವತ್ತು ವರ್ಷ ಪರರ ಮಕ್ಕಳ ಕೈಗೆ ಹೊಡೆದು ತಪ್ಪು ಒಪ್ಪಿಸಿದವಳು ನೀನು.

ಅಮ್ಮ ಇದ್ದಿದ್ದರೆ ನಿನ್ನ ಕಿವಿ ಹಿಂಡಿ ಸಭೆಗೆ ಎಳೆದುಕೊಂಡು ಹೋಗುತ್ತಿದ್ದಳು.

ಲಿಯೋನ್ಸ್

---

ಕಸಾನ್ಯಾಕ್, 19 ಜುಲೈ 1987

ಲಿಯೋನ್ಸ್,

ಪತ್ರಿಕೆಯಲ್ಲಿ ನೋಡಿರುತ್ತೀ. ಯಾರೂ ಸತ್ತಿಲ್ಲ. ಅದನ್ನು ಮೊದಲು ಬರೆದುಬಿಡುತ್ತೇನೆ.

ಮಂಗಳವಾರ, ಜುಲೈ 14. ಊರೆಲ್ಲ ಚೌಕದಲ್ಲಿ ರಾಷ್ಟ್ರೀಯ ಹಬ್ಬದ ಊಟಕ್ಕೆ ಕೂತಿತ್ತು, ಗುಡಾರದವರನ್ನೂ ದೆಲ್ಮಾ ಕರೆದಿದ್ದ. ನಾನು ಹೋಗಿರಲಿಲ್ಲ. ನಿನ್ನ ಕಾಗದ ಬಂದ ಮೇಲೆ ಜನರ ಜೊತೆ ಕೂತು ತಿನ್ನಲು ಆಗುತ್ತಿರಲಿಲ್ಲ. ಇಲ್ಲಿ ಬಿಸಿಲು, ಮೇಲಿನ ಬೆಟ್ಟಗಳಲ್ಲಿ ಮಾತ್ರ ಹಿಂದಿನ ದಿನದಿಂದ ಕಪ್ಪು. ಮೂರು ಗಂಟೆಗೆ ಕಿಟಕಿಯಲ್ಲಿ ನಿಂತಿದ್ದೆ. ನದಿಯ ಸದ್ದು ನಿಂತುಹೋಯಿತು. ಕಲ್ಲುಗಳ ಮೇಲೆ ಹರಿಯುವ ಸದ್ದು ಇರುತ್ತದಲ್ಲ, ಅದು. ಕಲ್ಲುಗಳು ಮುಳುಗಿದ್ದವು.

ಶಾಲೆಯ ಹಳೇ ಗಂಟೆ ನನ್ನ ಮನೆಯಲ್ಲೇ ಇದೆ. ಅದನ್ನು ಬಾರಿಸುತ್ತಾ ಓಡಿದೆ. ಅರವತ್ತೊಂಬತ್ತು ವರ್ಷ ಎಂದು ಬರೆದಿದ್ದೆಯಲ್ಲ, ಓಡಿದೆ. ಕಂದು ನೀರು, ಅದರಲ್ಲಿ ಕೊಂಬೆ, ಯಾರದೋ ಕೋಳಿಗೂಡು. ಗುಡಾರಗಳಲ್ಲಿ ಇದ್ದವರು ಮಧ್ಯಾಹ್ನದ ನಿದ್ದೆಗೆ ಮಗು ಮಲಗಿಸಿದ ತಾಯಂದಿರು, ಏಳೆಂಟು ಜನ. ಒಂದೊಂದು ಗುಡಾರದ ಮುಂದೆ ನಿಂತು ಗಂಟೆ ಹೊಡೆದೆ. ಒಬ್ಬಳು ನನ್ನನ್ನು ಹುಚ್ಚಿ ಎಂದು ಬೈದಳು, ಆಮೇಲೆ ಕಾಲು ಒದ್ದೆಯಾಯಿತು. ಗಂಟೆಯ ಸದ್ದಿಗೆ ಚೌಕದಿಂದಲೂ ಜನ ಬಂದರು. ಕೊನೆಯ ಮೂಲೆಯಲ್ಲಿ ಒಬ್ಬ ಬೆಲ್ಜಿಯಂ ಹೆಂಗಸು ಆರು ತಿಂಗಳ ಹೆಣ್ಣು ಮಗುವನ್ನು ಎತ್ತಿಕೊಂಡು ಮಡಚುವ ಮೇಜಿನ ಮೇಲೆ ನಿಂತಿದ್ದಳು. ಸುತ್ತ ತೊಡೆಯವರೆಗೆ ನೀರು. ವಾದ್ಯದ ಮೇಳದವರು ಇಬ್ಬರು, ಚಿನ್ನದ ಗುಂಡಿಯ ಕೋಟಿನಲ್ಲೇ, ಕೈ ಕೈ ಹಿಡಿದು ಹೋಗಿ ಕರೆತಂದರು. ಅವರು ದಡ ಹತ್ತಿದ ಮೇಲೆ ಗುಡಾರ ಹೋಯಿತು. ಐದು ಗಂಟೆಗೆ ನೀರು ಇಳಿಯತೊಡಗಿತು. ಗಿರಣಿಯ ಗೆರೆಯ ಮೇಲೆ ಒಂದು ಮೀಟರ್ ಗೋಡೆ ಒದ್ದೆಯಾಗಿತ್ತು.

ಇಷ್ಟೂ ಹೊತ್ತು ನಾನೇನು ಯೋಚಿಸುತ್ತಿದ್ದೆ ಎಂದು ಹೇಳಲೇ. ಈ ಮಗು ಹೋದರೆ ಅದನ್ನು ಕೊಂದವಳು ನಾನು ಎಂದು. ಜೂನ್ 21ರಂದು ನಿನಗೆ ಚೆರಿ ಜಾಮಿನ ಬಗ್ಗೆ ಬರೆಯುವಾಗ ಅದೇ ಮೇಜಿನ ಮೇಲೆ ಬೇರೊಂದು ಹಾಳೆ ಇತ್ತು. ಕಲ್ಲನ್ನು ಕೆಳಗಿಡಲು ಹೇಳಿದವಳು ನಾನು ಎಂದು ಅದರಲ್ಲಿ ಬರೆದಿದ್ದೆ. ನಿನ್ನ ಕಾಗದ ಓದಿದ ಕೂಡಲೇ ನನಗೆ ಎಲ್ಲ ನೆನಪಾಗಿತ್ತು, ನಾನು ಅಂದು ಉಟ್ಟ ನೀಲಿ ಉಡುಪಿನ ಸಮೇತ. ಹಾಳೆಯನ್ನು ಒಲೆಗೆ ಹಾಕಿದೆ. ನದಿ ಇಳಿದಿದೆ, ಈ ವರ್ಷ ಏನೂ ಆಗುವುದಿಲ್ಲ ಎಂದುಕೊಂಡೆ. ನಾಚಿಕೆಗೇಡಿ.

ಶುಕ್ರವಾರ ಶಾಲೆಯ ಸಭಾಂಗಣದಲ್ಲಿ ಊರು ಸೇರಿತು. ದೆಲ್ಮಾ ಎದ್ದು ಕ್ಷಮೆ ಕೇಳಿದ, ಗುಡಾರದ ಜಾಗ ಮುಚ್ಚಿದೆ ಎಂದ. ಮೇಡಂ ಹೇಳಿದ್ದು ಕೇಳಬೇಕಿತ್ತು ಎಂದ. ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು. ನದಿಯ ದಂಡೆಯ ದಾರಿಗೆ ನನ್ನ ಹೆಸರು ಇಡುತ್ತಾರಂತೆ. ಆಮೇಲೆ ನಿನ್ನ ಸರದಿ ಬಂತು. ಆ ಕುಡುಕ ಮೇಸ್ತ್ರಿ, ಆ ಬೇಜವಾಬ್ದಾರಿ, ಅವನ ಮೇಲೆ ಕೇಸು ಹಾಕಬೇಕು. ಮಾರ್ಚ್‌ನಲ್ಲಿ ನನ್ನನ್ನು ನೋಡಿ ನಕ್ಕಿದ್ದ ಅವೇ ಬಾಯಿಗಳು.

ನಾನು ಎದ್ದು ಹೇಳಿದೆ. "ಕಲ್ಲು ಇಳಿಸಿದ್ದು ನಾನು. ಲಿಯೋನ್ಸ್ ಬೇಡ ಅಂದ, ನಾನು ಕೇಳಲಿಲ್ಲ. ಮೇ ತಿಂಗಳಿಂದ ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ದೆ" ಅಂದೆ.

ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು. ಎಲ್ಲರೂ ನೆಲ ನೋಡುತ್ತಿದ್ದರು. ಕೊನೆಗೆ ದೆಲ್ಮಾ ಬಾಯಿ ಬಿಟ್ಟ. ಈಗ ಮೂವತ್ತೆಂಟು ಅವನಿಗೆ, ಆಗ ಒಂಬತ್ತು, ನನ್ನ ತರಗತಿಯ ಎರಡನೇ ಬೆಂಚು.

"ನಾನೂ ಅವತ್ತು ಆ ಹುಲ್ಲಿನ ಮೇಲಿದ್ದೆ ಮೇಡಂ. ಕಲ್ಲನ್ನ ಕೆಳಗಿಟ್ಟಿದ್ದನ್ನ ನಾವೆಲ್ಲ ನೋಡಿದ್ವಿ. ಆದ್ರೆ ಮುಂದಿನ ವರ್ಷ ನೀವೇ ಕೋಲಿಟ್ಟು ತೋರಿಸಿ, ನೀರು ಇಲ್ಲೀವರೆಗೆ ಬಂದಿತ್ತು ಅಂತ ಬರೆಸಿದ್ರಿ. ನಾನು ಕೈ ಎತ್ತಿ, ಕಲ್ಲು ಮೇಲಿತ್ತಲ್ಲ ಮೇಡಂ ಅಂದೆ. ನೀವು ಮೂಲೇಲಿ ನಿಲ್ಲಿಸಿದ್ರಿ. ಪರೀಕ್ಷೆಲಿ ನೀವು ಹೇಳಿದ್ದನ್ನೇ ಬರೆದೆ. ಹತ್ತಕ್ಕೆ ಹತ್ತು ಕೊಟ್ರಿ."

ಅವನ ದನಿಯಲ್ಲಿ ವ್ಯಂಗ್ಯ ಇರಲಿಲ್ಲ. ಇದ್ದಿದ್ದರೆ ನಾನು ಉತ್ತರ ಕೊಡುತ್ತಿದ್ದೆ. ನನಗೆ ಅದೂ ನೆನಪಿಲ್ಲ, ಅವನನ್ನು ಮೂಲೆಯಲ್ಲಿ ನಿಲ್ಲಿಸಿದ್ದು. ಎಷ್ಟು ಮಕ್ಕಳನ್ನು ನಿಲ್ಲಿಸಿದ್ದೇನೆ, ಯಾರು ಲೆಕ್ಕ ಇಟ್ಟಿದ್ದಾರೆ. ಆ ಸಭಾಂಗಣದಲ್ಲಿ ಕೂತಿದ್ದ ಅರ್ಧ ಜನ ನನ್ನ ಕೈಯಲ್ಲಿ ಕಲಿತವರು. ಪರವಾಗಿ ಎತ್ತಿದ ಏಳು ಕೈಗಳಲ್ಲಿ ಐದು ನನ್ನ ತರಗತಿಯವು. ಕಣ್ಣಿನಿಂದ ಕಂಡದ್ದನ್ನು ಬಿಟ್ಟು ಟೀಚರು ಹೇಳಿದ್ದನ್ನು ನಂಬಲು ಅವರಿಗೆ ಕಲಿಸಿದವಳು ನಾನು, ಅದಕ್ಕೆ ಅಂಕವನ್ನೂ ಕೊಟ್ಟೆ.

ನಾಚಿಕೆ ಎಂದು ನಿನ್ನ ಬಗ್ಗೆ ಆಡಿದ ಮಾತನ್ನು ಅದೇ ಸಭೆಯಲ್ಲಿ ವಾಪಸು ತೆಗೆದುಕೊಂಡೆ. ನಿನ್ನ ಮೇಲಿನ ಸಿಟ್ಟು ಮಾತ್ರ ಹೋಗಿಲ್ಲ. ನೀನು ಮಾರ್ಚ್‌ನಲ್ಲೇ ಹೇಳಬೇಕಿತ್ತು. ನನ್ನನ್ನು ಕಾಪಾಡು ಎಂದು ನಿನ್ನನ್ನು ಯಾರು ಕೇಳಿದ್ದರು?

ದಾರಿಗೆ ನನ್ನ ಹೆಸರು ಬೇಡ ಎಂದು ಬರೆದುಕೊಟ್ಟಿದ್ದೇನೆ. ಗುರುವಾರದ ರೈಲಿಗೆ ಬಾ, ಮಂಡಿಗೆ ಎಲೆಕೋಸು ಕಟ್ಟಿಕೊಂಡಾದರೂ ಬಾ. ಉಳಿ ಸುತ್ತಿಗೆ ಎರಡೂ ತಾ. ಏಣಿ ದೆಲ್ಮಾ ತರುತ್ತಾನೆ. ಕಲ್ಲನ್ನು ತೆಗೆದು ಅದರ ಜಾಗದಲ್ಲಿ ಇಡು. ಈ ಸಲ ಎಲ್ಲಿಡಬೇಕೆಂದು ನನ್ನನ್ನು ಕೇಳಬೇಡ.

ಅರ್ಮಾಂದ್